ಇಪ್ಪತ್ತು ಎಣಿಸುವ ತನಕ

ಚಿಕ್ಕೋಡಿಯ ನಮ್ಮ ಕೇಂದ್ರದ ಗೋಡೆಯ ಮೇಲೆ ಒಂದೇ ಒಂದು ನಿಯಮವಿದೆ. ‘ಪ್ರಶ್ನೆ ಮಗುವಿಗಾದರೆ ಉತ್ತರವೂ ಮಗುವಿನದೇ. ಉಳಿದವರು ಮನಸ್ಸಿನಲ್ಲಿ ಇಪ್ಪತ್ತು ಎಣಿಸುವ ತನಕ ಬಾಯಿ ತೆರೆಯಬಾರದು.’ ಬರೆದವನೂ ನಾನೇ, ಅಂಟಿಸಿದವನೂ ನಾನೇ. ಅಂಗವಿಕಲ ಮಕ್ಕಳು ಮತ್ತು ಅವರ ಮನೆಯವರು ಅಥಣಿ, ರಾಯಬಾಗ, ನಿಪ್ಪಾಣಿ, ಕಾಗವಾಡದಿಂದೆಲ್ಲ ಇಲ್ಲಿಗೆ ತರಬೇತಿಗೆ ಬರುತ್ತಾರೆ. ನಾನು ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಅಲ್ಲಿ ನಿಯಮ ಅಂದರೆ ನಿಯಮ. ಇಲ್ಲಿ ನಿಯಮ ಅಂದರೆ ಗೋಡೆಗೆ ಒಂದು ಅಲಂಕಾರ. ದಿನ ಬೆಳಗಾದರೆ ಯಾರಾದರೊಬ್ಬರು ಅದನ್ನು ಮುರಿಯುತ್ತಾರೆ, ಅದೂ ಅದರ ಕೆಳಗೇ ಕೂತು. ಒಂದೇ ಮನೆಯವರ ಐದು ಪ್ರಸಂಗ ಹೇಳುತ್ತೇನೆ, ಸಾಕು.

ಹೋಳಿಗೆ

ಏಕಸಂಬಿ ಕಡೆಯ ಜೈನ ರೈತರ ಮನೆಯ ಹುಡುಗಿ. ವಯಸ್ಸು ಹದಿನೇಳು. ಹುಟ್ಟಿದಾಗಿನಿಂದ ಕಾಲಿಗೆ ಬಲವಿಲ್ಲ. ಮಾತು ಬರುತ್ತದೆ, ಆದರೆ ಒಂದೊಂದು ಶಬ್ದವೂ ತನಗೆ ಬೇಕಾದಷ್ಟು ಸಮಯ ತೆಗೆದುಕೊಂಡು ಹೊರಬರುತ್ತದೆ. ಜೊತೆಗೆ ಬಂದಾಕೆ ಅಜ್ಜಿ. ಹುಡುಗಿ ‘ಆಯಿ’ ಅನ್ನುತ್ತಿದ್ದಳು, ಕೊನೆಗೆ ನಾವೂ ಹಾಗೇ ಕರೆದೆವು.

“ನಿನ್ನ ಹೆಸರೇನಮ್ಮ?” ಎಂದೆ. ಆಯಿ ಹೆಸರು ಹೇಳಿದಳು, ಶಾಲೆ ಹೇಳಿದಳು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಹೇಳಿದಳು, ಮುಂಜಾನೆ ಎಷ್ಟು ರೊಟ್ಟಿ ತಿಂದಳು ಅದನ್ನೂ ಹೇಳಿದಳು. ನಾನು ಗೋಡೆಗೆ ಬೊಟ್ಟು ಮಾಡಿದೆ.

“ನನಗ ಓದಾಕ ಬರಂಗಿಲ್ರಿ ಸರ.”

ಓದಿ ಹೇಳಿದೆ. “ಅಷ್ಟ ಹೌದಲ್ರಿ? ಎಣಸತೀನಿ ತಗೋರಿ” ಅಂದಳು. ನಾನು ಹುಡುಗಿಯ ಕಡೆ ತಿರುಗಿ “ನಿನಗೆ ತಿನ್ನಲು ಏನು ಇಷ್ಟ?” ಎಂದು ಕೇಳಿದೆ. ಆಯಿ ಮರಾಠಿಯಲ್ಲಿ ಏಕ್ ದೋನ್ ತೀನ್ ಶುರುಮಾಡಿ, ಒಂದೇ ಉಸಿರಿನಲ್ಲಿ ಇಪ್ಪತ್ತರ ವೀಸ್ ಮುಟ್ಟಿ, “ಹೋಳಿಗಿ ರೀ!” ಅಂದಳು.

ನನ್ನ ಇಪ್ಪತ್ತು ಮುಗಿಯುವಷ್ಟರಲ್ಲಿ ಹುಡುಗಿಯ ಉತ್ತರವೂ ಬಂತು: “ಖಾರ... ಚುರಮುರಿ.”

ಆಯಿ ಕಂಗಾಲು. “ಹತ್ತ ವರ್ಷದಿಂದ ಹಬ್ಬಕ್ಕೊಮ್ಮೆ ಹೋಳಿಗಿ ಮಾಡಿ ತಿನಿಸಾಕತ್ತೀನಿ. ಬ್ಯಾಡ ಅಂತ ಒಂದಿನರ ಹೇಳಿದ್ಯೇನ ಬೇ?”

“ನೀ... ಕೇಳಿದ್ದರ... ಯಾವಾಗ?”

ದೂಡಲು ನಾಲ್ಕು ಮಂದಿ

ಆ ಹುಡುಗಿಗೆ ಬೇಕಾಗಿದ್ದದ್ದು ಒಂದೇ: ತಾನೇ ನಡೆಸುವ ಬ್ಯಾಟರಿಯ ಮೂರುಗಾಲಿ ಗಾಡಿ. ಅದರಲ್ಲಿ ಕೂತು ತಾನೊಬ್ಬಳೇ ಕಾಲೇಜಿಗೆ ಹೋಗಬೇಕು. ಮನೆಯವರು ಬೇಡವೆಂದು ಆಗಲೇ ನಿಶ್ಚಯಿಸಿದ್ದರು. ಅಂಗವಿಕಲರಿಗೆ ಗಾಡಿ, ಕುರ್ಚಿಯಂಥ ಸಾಧನ ಕೊಡುವ ಶಿಬಿರ ಹತ್ತಿರ ಬಂದಿತ್ತು. ಅಲ್ಲಿ ವೈದ್ಯರು ಅರ್ಜಿಯಲ್ಲಿ ಏನು ಬರೆಯುತ್ತಾರೋ ಅದೇ ಮನೆಗೆ ಬರುತ್ತದೆ.

ಆಕೆಯ ಕಾಕಾ, ಅಂದರೆ ಚಿಕ್ಕಪ್ಪ, ಒಂದು ದಿನ ಕೇಂದ್ರಕ್ಕೆ ಬಂದ. “ಗಾಡಿ ಯಾಕ್ರಿ ಸರ? ವೀಲ್‌ಚೇರ್ ಬರಸ್ರಿ. ದೂಡಾಕ ಮನ್ಯಾಗ ನಾವು ನಾಲ್ಕ ಮಂದಿ ಅದೀವಿ.”

“ಸರಿ, ದೂಡಿ ತೋರಿಸಿ” ಎಂದು ಕೇಂದ್ರದ ಗಾಲಿಕುರ್ಚಿ ಕೊಟ್ಟೆ. ಹುಡುಗಿಯನ್ನು ಕೂರಿಸಿ ಹುರುಪಿನಿಂದ ದೂಡುತ್ತಾ ಹೋದ. ಗೇಟಿನ ಹತ್ತಿರ ಮುಗಳಖೋಡದ ಯಾರೋ ಪರಿಚಯದವರು ಸಿಕ್ಕರು. ಕಾಕಾ ಕುರ್ಚಿಯನ್ನು ಕಂಪೌಂಡಿನ ಕಡೆ ತಿರುಗಿಸಿ ನಿಲ್ಲಿಸಿ ಕಬ್ಬಿನ ಮಾತಿಗೆ ಇಳಿದ. ಕಬ್ಬಿನಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಚುನಾವಣೆಗೆ.

ಅರ್ಧ ಗಂಟೆಯ ಮೇಲೆ ನಾನೇ ಹೋಗಿ ನೋಡಿದೆ. ಹುಡುಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಗೋಡೆಯ ಮೇಲೆ ಗೋವಿನಜೋಳದ ಬೀಜದ ಹಳೆಯ ಜಾಹೀರಾತು.

“ಬೇಸರ ಆಯಿತೇನಮ್ಮ?”

“ಇಲ್ರಿ ಸರ. ಎಕರೆಗೆ... ಎಷ್ಟ ಬೀಜ... ಬಾಯಿಪಾಠ ಆತು.”

ಚಹಾ

ತಿಂಗಳಿಗೊಮ್ಮೆ ಪಾಲಕರ ಸಭೆ. ಆ ಸಲ ಒಂದು ಆಟ ಆಡಿಸಿದೆ. ಗಂಡನಿಗೆ ಪ್ರಶ್ನೆ ಕೇಳುವುದು, ಉತ್ತರ ಹೆಂಡತಿ ಕೊಡುವುದು. ಗಂಡ ಬಾಯಿ ತೆರೆಯುವಂತಿಲ್ಲ. ಮಕ್ಕಳಿಗೆ ದಿನಾ ಹೇಗನಿಸುತ್ತದೆ ಅಂತ ದೊಡ್ಡವರಿಗೂ ಗೊತ್ತಾಗಲಿ ಅಂತ.

ಕುಡಚಿಯಿಂದ ಬಂದ ಒಬ್ಬ ತಂದೆಯನ್ನು ಮೊದಲು ಕೂರಿಸಿದೆ. “ಚಹಾ ಕುಡಿಯುತ್ತೀರಾ?”

“ಅವರಿಗೆ ಬ್ಯಾಡ್ರಿ” ಅಂದಳು ಹೆಂಡತಿ. “ಪಿತ್ತ ಆಗತೈತಿ. ಎರಡು ಬಾಳೆಹಣ್ಣ ಕೊಡ್ರಿ. ಸಿಪ್ಪಿ ಸುಲದು ಕೊಡ್ರಿ, ಅವರಿಗೆ ಸುಲಿಯಾಕ ಬರಂಗಿಲ್ಲ.”

“ಸರ್, ನನಗ ಚಾ—”

“ನೀವ್ ಸುಮ್ಕಿರ್ರಿ! ಉತ್ತರ ನನ್ನದೈತಿ.”

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಆಯಿ. ನಗುತ್ತಾ ಪಕ್ಕದಲ್ಲಿದ್ದ ಮೊಮ್ಮಗಳ ಕಡೆ ನೋಡಿದಳು. ಮೊಮ್ಮಗಳು ನಗುತ್ತಿರಲಿಲ್ಲ, ಆಯಿಯನ್ನೇ ನೋಡುತ್ತಿದ್ದಳು. ಆಯಿಯ ನಗು ಅಲ್ಲಿಗೇ ನಿಂತಿತು.

ಆಟ ಮುಗಿಯಿತು ಅಂತ ಮೂರು ಸಲ ಹೇಳಿದೆ. ಕುಡಚಿಯ ಆ ತಂದೆಗೆ ಮಾತ್ರ ಕೊನೆಯ ತನಕ ಚಹಾ ಸಿಗಲಿಲ್ಲ. ಹೆಂಡತಿಗೆ ಆಟ ಬಹಳ ಹಿಡಿಸಿತ್ತು.

ನನ್ನ ಸರದಿ

ಇಷ್ಟು ಹೊತ್ತು ಬೇರೆಯವರ ತಪ್ಪು ಹೇಳಿದೆ. ನನ್ನದನ್ನೂ ಹೇಳುವುದು ನ್ಯಾಯ.

ಒಮ್ಮೆ ಮೇಲಧಿಕಾರಿಯೊಬ್ಬರು ಕೇಂದ್ರ ನೋಡಲು ಬಂದರು. ನೇರ ಇದೇ ಹುಡುಗಿಯ ಮುಂದೆ ನಿಂತು “ಇಲ್ಲಿ ಏನು ಕಲಿತೆಯಮ್ಮ?” ಎಂದು ಕೇಳಿದರು. ಹುಡುಗಿ ತುಟಿ ಜೋಡಿಸಿಕೊಳ್ಳುತ್ತಿದ್ದಳು. ಸಾಹೇಬರು ಗಡಿಯಾರ ನೋಡಿಕೊಂಡರು. ನನಗೆ ತಡೆಯಲಾಗಲಿಲ್ಲ.

“ಸರ್, ತನ್ನ ಉತ್ತರ ತಾನೇ ಕೊಡುವುದನ್ನು ಕಲಿತಿದ್ದಾಳೆ” ಎಂದುಬಿಟ್ಟೆ.

ಸಾಹೇಬರು “ಉತ್ತಮ, ಉತ್ತಮ” ಎಂದು ಮುಂದೆ ಹೋದರು. ತಿರುಗಿ ನೋಡಿದರೆ ಆಯಿ ಗೋಡೆಗೆ ಬೊಟ್ಟು ಮಾಡಿಕೊಂಡು ನಿಂತಿದ್ದಾಳೆ.

“ನನಗ ಓದಾಕ ಬರಂಗಿಲ್ರಿ ಸರ. ನೀವರ ಒಮ್ಮೆ ಓದ್ರಿ.”

ನೇಮ

ಶಿಬಿರದ ದಿನ ಬಂತು. ಆಯಿ, ಹುಡುಗಿ, ಕಾಕಾ ಮೂವರೂ ಬಂದರು. ನಾನು ನಮಸ್ಕಾರ ಅಂದರೆ ಆಯಿ ಬರೀ ಕೈ ಮುಗಿದಳು. ಹುಡುಗಿಯೇ ವಿವರಿಸಿದಳು: “ಆಯಿ... ಮುಂಜಾನೆ... ಬಸದ್ಯಾಗ... ನೇಮ ಹಿಡದಾಳ. ನನ್ನ ಕೆಲಸ... ಆಗೂತನಕ... ಮಾತಾಡಂಗಿಲ್ಲ.” ಬಸದಿಯಲ್ಲಿ ಹಿಡಿಯುವ ಉಪವಾಸದ ನೇಮ, ಹಸಿರು ತರಕಾರಿ ತಿನ್ನದ ನೇಮ ಆಯಿಗೆ ಹೊಸತಲ್ಲ. ಇದು ಹೊಸತು.

ನಮ್ಮ ಸರದಿ ಬರುವಾಗ ಮಧ್ಯಾಹ್ನ ಮೂರು ಗಂಟೆ. ವೈದ್ಯರು ಕಾಗದ ನೋಡಿ ಆಯಿಯನ್ನು ಕೇಳಿದರು: “ಈಕೆಗೆ ಏನು ಕೊಡಬೇಕು?”

ಆಯಿ ಸುಮ್ಮನೆ ನಿಂತಳು. ಹೆಬ್ಬೆರಳು ಮಾತ್ರ ಬೆರಳಿನ ಗೆಣ್ಣುಗಳ ಮೇಲೆ ಒಂದೊಂದಾಗಿ, ಜಪದ ಹಾಗೆ ನಿಧಾನವಾಗಿ ಸರಿಯುತ್ತಿತ್ತು.

“ಅಜ್ಜಿ, ನಿಮ್ಮನ್ನೇ ಕೇಳಿದ್ದು. ಕೇಳಿಸುತ್ತಾ?”

ಹೆಬ್ಬೆರಳು ಇನ್ನೊಂದು ಗೆಣ್ಣಿಗೆ ಸರಿಯಿತು. ಪಕ್ಕದ ಗುಮಾಸ್ತನಿಗೆ ಕನಿಕರ ಬಂತು. ಹೊಸ ಫಾರ್ಮ್ ಒಂದನ್ನು ಎಳೆದುಕೊಂಡ. “ಸರ್, ಅಜ್ಜಿದೂ ಒಂದು ಅರ್ಜಿ ಮಾಡೂಣ್ರಿ. ಪಾಪ, ಕಿವಿನೂ ಇಲ್ಲ, ಬಾಯಿನೂ ಇಲ್ಲ.”

ಹಿಂದಿನಿಂದ ಕಾಕಾ ಕೂಗಿದ: “ಬಾಯಿ ಇಲ್ಲ? ಆಕಿ ನಮ್ಮವ್ವ ರೀ ಸಾಹೇಬ್ರ! ಮನ್ಯಾಗ ಬಂದು ನೋಡ್ರಿ ಒಮ್ಮೆ! ಏ ಅವ್ವಾ, ವೀಲ್‌ಚೇರ್ ಅಂತ ಹೇಳಬೇ! ಸರ, ವೀಲ್‌ಚೇರ್ ಬರಕೊಳ್ರಿ.”

ವೈದ್ಯರ ಪೆನ್ನು ಕಾಗದಕ್ಕೆ ಇಳಿಯಿತು. ಹುಡುಗಿಯ ತುಟಿ ಅಲುಗುತ್ತಿತ್ತು, ಧ್ವನಿ ಇನ್ನೂ ಬಂದಿರಲಿಲ್ಲ. ಆ ಒಂದು ಶಬ್ದ ಬರೆದರೆ ಎಲ್ಲ ಮುಗಿಯಿತು. ನಾನು ನಿಯಮ ಮರೆತು “ಡಾಕ್ಟರ್—” ಎಂದೆ. ಅಷ್ಟೇ. ರೊಟ್ಟಿ ಬಡಿದು ಬಡಿದು ಗಟ್ಟಿಯಾದ ಅಂಗೈಯೊಂದು ಬಂದು ನನ್ನ ಬಾಯಿ ಮುಚ್ಚಿತು.

“ವೀಲ್‌ಚೇರ್... ಬ್ಯಾಡ್ರಿ.”

ಪೆನ್ನು ನಿಂತಿತು. ವೈದ್ಯರು ಮೊದಲ ಸಲ ಹುಡುಗಿಯನ್ನು ನೋಡಿದರು.

“ಗಾಡಿ... ಬೇಕು. ನಾನ... ಹೊಡೀತೀನಿ.”

“ಎಲ್ಲಿಗೆ ಹೋಗುತ್ತೀ?”

ಆಯಿಯ ಇನ್ನೊಂದು ಕೈಯ ಹೆಬ್ಬೆರಳು ಮೂರು ಗೆಣ್ಣು ದಾಟಿತು. ವೈದ್ಯರೂ ಈಗ ಕಾದರು.

“ಕಾಲೇಜಿಗೆ.”

“ದಾರಿಯಲ್ಲಿ ಕೆಟ್ಟು ನಿಂತರೆ?”

ಹುಡುಗಿ ನಿಧಾನವಾಗಿ ಕತ್ತು ತಿರುಗಿಸಿ ಕಾಕಾನನ್ನು ನೋಡಿದಳು. “ದೂಡಾಕ... ಮನ್ಯಾಗ... ನಾಲ್ಕ ಮಂದಿ ಅದಾರ್ರಿ.”

ವೈದ್ಯರು ಜೋರಾಗಿ ನಕ್ಕು, ಅರ್ಜಿಯಲ್ಲಿ ಬ್ಯಾಟರಿ ಗಾಡಿ ಎಂದು ಬರೆದರು. ಸಹಿ ಹಾಕುವ ಮುನ್ನ ಪ್ರೀತಿಯಿಂದ ಆಯಿಯ ಕಡೆ ತಿರುಗಿದರು: “ಆಯ್ತಲ್ಲ ಅಜ್ಜಿ, ಇನ್ನಾದರೂ ಮಾತಾಡಿ. ಮೊಮ್ಮಗಳ ಹೆಸರು ಏನಂತ ಬರೆಯಲಿ?”

ಆಯಿ ಒಂದು ಕೈಯನ್ನು ನನ್ನ ಬಾಯಿಯ ಮೇಲಿಂದ ತೆಗೆಯದೆ, ಇನ್ನೊಂದು ಕೈಯಿಂದ ಮೊಮ್ಮಗಳ ಕಡೆ ಬೊಟ್ಟು ಮಾಡಿ ನಿಂತಳು.