ಪರವಾಗಿಲ್ಲ ಬಿಡಿ ಸಾರ್

ಕನ್ನಡದಲ್ಲಿ ನನಗೆ ಅತಿ ಹೆಚ್ಚು ಮೋಸ ಮಾಡಿದ ಪದವೆಂದರೆ 'ಪರವಾಗಿಲ್ಲ'. ಪರೀಕ್ಷೆ ಹೇಗೆ ಮಾಡಿದೆ ಎಂದರೆ ಪರವಾಗಿಲ್ಲ, ಹುಡುಗ ಹೇಗಿದ್ದಾನೆ ಎಂದರೆ ಪರವಾಗಿಲ್ಲ, ಬಸ್ಸಿನಲ್ಲಿ ಕಾಲು ತುಳಿದು ಕ್ಷಮೆ ಕೇಳಿದರೂ ಪರವಾಗಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಐವತ್ತೆಂಟು ವರ್ಷವಾಗುವವರೆಗೆ ನಾನದನ್ನು ಅಕ್ಷರಶಃ ನಂಬಿಕೊಂಡೇ ಬಂದೆ. ಹಾಗೆ ನಂಬಿದ್ದರಿಂದಲೇ ನಮ್ಮ ಮನೆಯ ಬಸ್ಸಾರು ಕೈಬಿಟ್ಟುಹೋಯಿತು.

ನಾನು ಬನಶಂಕರಿ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಆಡಳಿತ ನೋಡಿಕೊಳ್ಳುವವನು. ನಮ್ಮ ಶರಟುಗಳನ್ನು ಕೊಳ್ಳುವ ವಿದೇಶಿ ಕಂಪನಿಯವರು ಒಂದು ದಪ್ಪ ಪ್ರಶ್ನಾವಳಿ ಕಳಿಸಿದರು. ಹ್ಯೂಮನ್ ರೈಟ್ಸ್ ಡ್ಯೂ ಡಿಲಿಜೆನ್ಸ್ ಅಂತೆ. ಅಂದರೆ, ನಮ್ಮ ವ್ಯವಹಾರದಿಂದ ಯಾರಿಗೆ ಏನು ತೊಂದರೆಯಾಗುತ್ತಿದೆ ಎಂದು ನಾವೇ ಹುಡುಕಬೇಕು, ಸರಿಪಡಿಸಬೇಕು, ಸರಿಹೋಯಿತೇ ಎಂದು ಮತ್ತೆ ಹೋಗಿ ನೋಡಬೇಕು. ನಾನದನ್ನು 'ಮಾನವ ಹಕ್ಕುಗಳ ಯಥೋಚಿತ ಜಾಗರೂಕತಾ ಪರಿಶೀಲನೆ' ಎಂದು ಕನ್ನಡ ಮಾಡಿ, ಜಯನಗರದ ನಮ್ಮ ಮನೆಯಲ್ಲಿ ಹೆಂಡತಿಗೆ ಹೆಮ್ಮೆಯಿಂದ ಓದಿ ಹೇಳಿದೆ. "ಹೆಣ್ಣು ಕೊಡೋಕ್ಕೆ ಮುಂಚೆ ನಮ್ಮಪ್ಪ ಮಾಡ್ಬೇಕಿತ್ತಲ್ಲ, ಅದೇ ತಾನೆ?" ಎಂದಳು.

ಮರುದಿನ ಪ್ರಶ್ನಾವಳಿ ಹಿಡಿದು ಹೊಲಿಗೆ ಯಂತ್ರಗಳ ಸಾಲಿನ ನಡುವೆ ಓಡಾಡಿದೆ. ಕುಡಿಯುವ ನೀರು ಹೇಗಿದೆ? ಪರವಾಗಿಲ್ಲ ಸಾರ್. ಸೂಪರ್‌ವೈಸರ್ ಹೇಗೆ ಮಾತಾಡಿಸ್ತಾರೆ? ಪರವಾಗಿಲ್ಲ ಸಾರ್. ಎಲ್ಲದಕ್ಕೂ 'ತೃಪ್ತಿಕರ' ಎಂಬ ಚೌಕದಲ್ಲಿ ಟಿಕ್ ಹಾಕಿ, ಊಟದ ಬೆಲ್ ಹೊಡೆಯುವಷ್ಟರಲ್ಲಿ ಮಾನವ ಹಕ್ಕುಗಳನ್ನು ಮುಗಿಸಿದೆ. ಕಾಲರ್ ಹೊಲಿಯುವ ಭಾಗ್ಯ ಮಾತ್ರ ನನ್ನ ಹಾಳೆಯನ್ನು ಇಣುಕಿ ನೋಡಿದಳು.

"ಸಾರ್, ಪರವಾಗಿಲ್ಲ ಅಂದಿದ್ದಕ್ಕೆ ಚೆನ್ನಾಗಿದೆ ಅಂತ ಬರ್ಕೊಂಡ್ರಾ?"

"ಮತ್ತೆ?"

"ಪರವಾಗಿಲ್ಲ ಅಂದ್ರೆ, ನಿಮ್ಗೆ ಹೇಳಿ ಏನೂ ಆಗಲ್ಲ ಅಂತ. ನಮ್ ಲೈನಲ್ಲಿ ನಲವತ್ತು ಜನ, ಬಾತ್‌ರೂಮಿಗೆ ಹೋಗೋಕೆ ಒಂದೇ ಟೋಕನ್ನು. ತಗೊಂಡೋದೋರು ವಾಪಸ್ ಬರೋ ತನಕ ಇನ್ನೊಬ್ರು ಏಳೋ ಹಾಗಿಲ್ಲ. ಅದಕ್ಕೇ ಮಧ್ಯಾಹ್ನದವರೆಗೂ ಯಾರೂ ನೀರೇ ಕುಡಿಯಲ್ಲ. ನೀರು ಹೇಗಿದೆ ಅಂತ ನಮಗೇನು ಗೊತ್ತು ಸಾರ್?"

ನನಗೆ ನಾಚಿಕೆಯಾಯಿತು. ಶಿಸ್ತಿನ ಹೆಸರಿನಲ್ಲಿ ಆ ಟೋಕನ್ ಜಾರಿಗೆ ತಂದ ಮಹಾನುಭಾವ ನಾನೇ. ಟಿಕ್‌ಗಳನ್ನೆಲ್ಲ ಹೊಡೆದುಹಾಕಿದೆ. 'ಹೇಗಿದೆ' ಎಂದು ಕೇಳುವುದನ್ನು ಬಿಟ್ಟು 'ಏನು ಬದಲಾಗಬೇಕು' ಎಂದು ಕೇಳತೊಡಗಿದೆ, ಅದೂ ಸೂಪರ್‌ವೈಸರ್ ಇಲ್ಲದ ಕಡೆ. ಟೋಕನ್ ಹೋಯಿತು. ಉತ್ಪಾದನೆ ಬಿದ್ದುಹೋಗುತ್ತದೆ ಎಂದು ಪ್ರೊಡಕ್ಷನ್ ಮ್ಯಾನೇಜರ್ ಎಗರಾಡಿದರು. ಶರಟುಗಳು ಎಂದಿನ ಹಾಗೆ ಬರುತ್ತಲೇ ಇವೆ. ತಿಂಗಳಾದ ಮೇಲೆ ಭಾಗ್ಯಳ ಹತ್ತಿರ ಮತ್ತೆ ಹೋಗಿ ನೀರಿನ ವಿಷಯ ಕೇಳಿದೆ. "ಬೋರ್‌ವೆಲ್ ನೀರು ಸಾರ್, ಉಪ್ಪುಪ್ಪು. ಫಿಲ್ಟರ್ ಹಾಕ್ಸಿ" ಎಂದಳು. ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ನನಗೆ ಅದೇ ಮೊದಲು.

ಅದೇ ಖುಷಿಯಲ್ಲಿ ಮನೆಗೆ ಬಂದು ತಟ್ಟೆಯ ಮುಂದೆ ಕೂತಾಗ ರತ್ನಕ್ಕ ನೆನಪಾದರು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಅಡುಗೆ ಮಾಡಿದವರು. ಸಾರಕ್ಕಿಯಿಂದ ನಡೆದೇ ಬರುತ್ತಿದ್ದರು. ಅವರ ಹುರುಳಿಕಾಳಿನ ಬಸ್ಸಾರಿನ ಘಮ ಗೇಟಿನವರೆಗೂ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಿತ್ತು. ಈಗಲೂ ಆಫೀಸಿನಿಂದ ಬಂದವನು ಗೇಟಿನ ಹತ್ತಿರ ಸುಮ್ಮನೆ ಒಂದು ಗಳಿಗೆ ನಿಲ್ಲುತ್ತೇನೆ. "ಮಂಡಿ ನೋವು ಹೇಗಿದೆ ರತ್ನಕ್ಕ?" ಎಂದು ದಿನಾ ವಿಚಾರಿಸುತ್ತಿದ್ದೆ. "ಪರವಾಗಿಲ್ಲ ಬಿಡಿ ಸಾರ್" ಎನ್ನುತ್ತಿದ್ದರು. ನಾನು ತಲೆಯಾಡಿಸಿ ಪೇಪರ್ ಬಿಡಿಸುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಕೂರಲು ಒಂದು ಸ್ಟೂಲೂ ಇರಲಿಲ್ಲ. ಹೋದ ಯುಗಾದಿ ಕಳೆದ ಮೇಲೆ ಒಂದು ದಿನ, "ನಾಳೆಯಿಂದ ಬರಲ್ಲ ಸಾರ್, ಪರವಾಗಿಲ್ಲ ಅಲ್ವಾ?" ಎಂದವರು ಮತ್ತೆ ಬರಲಿಲ್ಲ.

ಸಾರಕ್ಕಿ ಮಾರ್ಕೆಟ್ಟಿನ ಹಿಂದಿನ ಒಂದು ಮೆಸ್ಸಿನಲ್ಲಿದ್ದಾರೆ ಎಂದು ಹೆಂಡತಿ ಹೇಳಿದಳು. ಶನಿವಾರ ಒಂದು ಹೊಸ ಸ್ಟೂಲು ಕೊಂಡು, ಸ್ಕೂಟರಿಗೆ ಕಟ್ಟಿಕೊಂಡು ಹೊರಟೆ. ರತ್ನಕ್ಕ ಬಾಗಿಲ ಹತ್ತಿರವೇ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

"ಚೇರು ಕೊಟ್ಟವ್ರೆ ಸಾರ್" ಎಂದು ನಕ್ಕರು. "ಸೇರಿದ ದಿನಾನೇ ಓನರಮ್ಮ, ನಿಂತ್ಕೊಂಡು ಮಾಡೋಕಾಗುತ್ತಾ ಅಂತ ಕೇಳಿದ್ರು. ಆಗಲ್ಲ ಅಂದೆ."

"ನಂಗ್ಯಾಕೆ ಹೇಳ್ಲಿಲ್ಲ ರತ್ನಕ್ಕ?"

"ನೀವು ಕೇಳಿದ ತಕ್ಷಣ ಪೇಪರ್ ತಗೊಂಬಿಡ್ತಿದ್ರಿ."

ವಾಪಸ್ ಬಂದುಬಿಡಿ ಎಂದು ಕೇಳಲು ಹೋದವನಿಗೆ, ಆ ಕುರ್ಚಿ ನೋಡಿದ ಮೇಲೆ ಬಾಯಿ ಬರಲಿಲ್ಲ. ಸ್ಕೂಟರಿನ ಮೇಲಿನ ಸ್ಟೂಲು ಅವರಿಗೆ ಕಾಣದ ಹಾಗೆ ಅಡ್ಡ ನಿಂತೆ.

"ಮನೇಲಿ ಊಟ-ಗೀಟ ಎಲ್ಲ ಹೆಂಗೆ ನಡೀತೈತೆ ಸಾರ್?" ಎಂದು ಕೇಳಿದರು.

ಬಸ್ಸಾರಿನ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. "ಪರವಾಗಿಲ್ಲ ರತ್ನಕ್ಕ" ಎಂದೆ.

ಅವರು ಸಮಾಧಾನದಿಂದ ತಲೆಯಾಡಿಸಿ, ಮತ್ತೆ ಅವರೆಕಾಯಿ ಸುಲಿಯತೊಡಗಿದರು.