ಸಂದರ್ಶನಕ್ಕೆ ಹಗ್ಗ ಹಿಡಿದ ಮಾವ

ನಮ್ಮ ಸೋದರಮಾವನಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಹಲ್ಲು ಮತ್ತು ನಡಿಗೆ ಮಾತ್ರ ನೆನಪಿರುತ್ತವೆ. ಅವರೆದುರು ಒಮ್ಮೆ ಬಾಯ್ತುಂಬ ನಕ್ಕಿರೋ, ನಿಮ್ಮ ಹೆಸರು ಕೇಳುವ ಮೊದಲು ವಯಸ್ಸು ಹೇಳಿಬಿಡುತ್ತಾರೆ. ಹೆಚ್ಚೆಂದರೆ ಆರು ತಿಂಗಳು ಆಚೀಚೆ! ನಮ್ಮ ಬಳಗದ ಹೆಂಗಸರೆಲ್ಲ ಅವರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿದೇ ನಗುವುದು. ನೋಡಿದವರು ಅದನ್ನು ಹಿರಿಯರ ಮೇಲಿನ ಮರ್ಯಾದೆ ಎಂದುಕೊಂಡಿದ್ದಾರೆ.

ಮಾವ ಶಿವನಿ ಹತ್ತಿರದ ಹಳ್ಳಿಯವರು. ಒಂದು ಕಾಲದಲ್ಲಿ ಅಜ್ಜಂಪುರದ ಸುತ್ತಮುತ್ತ ಯಾರು ಎತ್ತು ಕೊಳ್ಳಬೇಕಾದರೂ ಮೊದಲು ಮಾವನ ಮನೆ ಬಾಗಿಲಿಗೆ ಬರುತ್ತಿದ್ದರು. ಹಲ್ಲು, ಕೊಂಬು, ಮೈಮೇಲಿನ ಸುಳಿ ಎಲ್ಲ ನೋಡಿ, ಕೊನೆಗೆ ನಾಲ್ಕು ಹೆಜ್ಜೆ ನಡೆಸಿ ಅವರು ತಲೆಯಾಡಿಸಿದರೆ ಮುಗಿಯಿತು, ಎರಡನೇ ಮಾತಿಲ್ಲ. ಈಗ ಎತ್ತು ಕಟ್ಟುವವರು ಎಲ್ಲಿದ್ದಾರೆ? ಟ್ರ್ಯಾಕ್ಟರಿಗೆ ಹಲ್ಲು ಹಿಡಿದು ನೋಡಲಾಗುತ್ತದೆಯೇ? ಹೀಗಾಗಿ ಮಾವನ ವಿದ್ಯೆಯೆಲ್ಲ ಮನುಷ್ಯರ ಮೇಲೆ ತಿರುಗಿದೆ.

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಉಪ್ಪಿಟ್ಟು ಮುಗಿಯುತ್ತಲೇ ಮಾವ ಹುಡುಗನಿಗೆ, ಒಂದು ಸಲ ಗೇಟಿನ ತನಕ ನಡೆದು ಬನ್ನಿ ಎಂದರು. ಪಾಪ, ಆತ ಏನೋ ಶಾಸ್ತ್ರವಿರಬೇಕೆಂದು ಚಪ್ಪಲಿ ಬಿಟ್ಟು, ಕೈಮುಗಿದುಕೊಂಡು ಹೋಗಿ ಬಂದ! "ಗಂಡು ಅಡ್ಡಿಯಿಲ್ಲ, ಚೂರು ಎಡಕ್ಕೆ ಎಳೀತಾನೆ" ಎಂದು ಮಾವ ತೀರ್ಪು ಕೊಟ್ಟರು. ಮದುವೆಯಾಗಿ ಇಪ್ಪತ್ತು ವರ್ಷವಾಯಿತು, ನನ್ನ ಗಂಡ ಇವತ್ತಿಗೂ ಬೈಕು ಹತ್ತಿದರೆ ಎಡಗಡೆಯ ಮೇಲೆ ಒಂದು ಕಣ್ಣಿಟ್ಟಿರುತ್ತಾರೆ.

ಇಷ್ಟೆಲ್ಲ ನೋಡಿ ಅಳೆಯುವ ಮನುಷ್ಯ ಸ್ವಂತದವರನ್ನು ಮಾತ್ರ ಸತ್ತರೂ ಹೊಗಳುವುದಿಲ್ಲ. ಕೊಟ್ಟಿಗೆಯಲ್ಲಿ ಕಟ್ಟಿದ್ದನ್ನು ಮನೆಯವನೇ ಹೊಗಳಬಾರದಂತೆ. ಹೊಗಳಿದರೆ ದೃಷ್ಟಿ ತಗಲುತ್ತದೆ, ಜೊತೆಗೆ ಕೊಳ್ಳಲು ಬಂದವನಿಗೆ ಅನುಮಾನವೂ ಬರುತ್ತದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಾಗ ಮಾವ ಅಂದದ್ದು "ಪರವಾಗಿಲ್ಲ." ಕಂಪ್ಯೂಟರ್ ಕೆಲಸ ಸಿಕ್ಕಾಗಲೂ "ಪರವಾಗಿಲ್ಲ." ಅವರ ಹೆಂಡತಿ, ಅಂದರೆ ನಮ್ಮತ್ತೆ, ಇಷ್ಟು ವರ್ಷದಿಂದ ಬೇಯಿಸಿ ಹಾಕುವ ಸಾರಿಗೂ ಅದೇ ಪರವಾಗಿಲ್ಲ, ಪಕ್ಕದ ಮನೆಯ ಸಾರು ಮಾತ್ರ ಅಮೃತ! ಹಂಗಾರೆ ಅಲ್ಲೇ ಹೋಗಿ ಉಣ್ಣಿ ಎಂದು ಅತ್ತೆ ಒಂದು ದಿನ ತಟ್ಟೆ ಎತ್ತಿಟ್ಟಿದ್ದಳಂತೆ. ಮಾವ ಹೋಗಿ ಉಂಡು ಬಂದರಂತೆ.

ಇಂಥ ಮಾವನ ಕೈಗೆ ನನ್ನ ಉದ್ಯೋಗದ ಭವಿಷ್ಯ ಸಿಕ್ಕಿಹಾಕಿಕೊಂಡದ್ದು ಹೇಗೆ ಎಂದು ಹೇಳುತ್ತೇನೆ ಕೇಳಿ.

ನಾನು ಎಂಟು ವರ್ಷ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು, ಅಂದರೆ ಅತ್ತೆಮನೆಯಲ್ಲಿ ಪುಕ್ಕಟೆಯಾಗಿ ನಡೆಯುವ ಕೆಲಸಕ್ಕೆ ಸಂಬಳ! ಅಮ್ಮ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಅದನ್ನು ಬಿಟ್ಟು ಕಡೂರಿಗೆ ಬಂದೆ. ಅಮ್ಮ ಏಳು ವರ್ಷ ಇದ್ದಳು. ಅವಳು ಹೋದ ಮೇಲೆ ತಲೆಯೆತ್ತಿ ನೋಡಿದರೆ ನನಗೆ ನಲವತ್ತೈದು. ಮಗಳು ಕಾಲೇಜು ಸೇರಿದ್ದಳು. ಗಂಡನದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ, ಮಳೆ ಚೆನ್ನಾಗಿ ಬಂದ ವರ್ಷ ಊರೆಲ್ಲ ನಗುತ್ತಿದ್ದರೆ ನಾವು ಮಾತ್ರ ಮುಗಿಲು ನೋಡಿ ಮುಖ ಸಣ್ಣ ಮಾಡಿಕೊಳ್ಳುವವರು. ನನಗೆ ಕೆಲಸ ಬೇಕಿತ್ತು. ಮನೆಗಾಗಿ ಎಂದು ಎಲ್ಲರಿಗೂ ಹೇಳುತ್ತಿದ್ದೆ, ಆದರೆ ನಿಜವಾಗಿ ನನಗಾಗಿಯೇ ಬೇಕಿತ್ತು. ಈಗ ಸಿಗದಿದ್ದರೆ ಇನ್ನು ಯಾವತ್ತೂ ಇಲ್ಲ ಎಂಬ ಭಯ ಊಟ ಮಾಡುವಾಗಲೂ ಬಿಡುತ್ತಿರಲಿಲ್ಲ.

ಕಂಪನಿಗಳ ಜಾಲತಾಣ ನೋಡಿದರೆ ಏನು ಸ್ವಾಗತ ಅಂತೀರಿ! ಎಲ್ಲ ವಯಸ್ಸಿನವರೂ ಬನ್ನಿ, ಸಣ್ಣ ಊರಿನವರೂ ಬನ್ನಿ, ಕೆಲಸ ಬಿಟ್ಟು ಮನೆಯಲ್ಲಿ ಕೂತ ಹೆಂಗಸರೂ ಬನ್ನಿ, ನಮಗೆ ವೈವಿಧ್ಯ ಬೇಕು. ಪಕ್ಕದಲ್ಲೇ ನರೆತ ಕೂದಲಿನ ಹೆಂಗಸೊಬ್ಬಳು ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ಫೋಟೋ. ಅರ್ಜಿ ಹಾಕಿದರೆ ನಾಲ್ಕೇ ನಿಮಿಷಕ್ಕೆ ವಿಷಾದದ ಪತ್ರ! ವಿಷಾದಪಡುವುದಕ್ಕಾದರೂ ಹತ್ತು ನಿಮಿಷ ಬೇಡವೇ? ಅರ್ಜಿಗಳನ್ನು ಮೊದಲು ಯಂತ್ರವೇ ಓದಿ ಸೋಸುತ್ತದೆ, ಪರೀಕ್ಷಿಸುವ ಕೆಲಸವನ್ನೂ ಈಗ ಅರ್ಧ ಅದೇ ಮಾಡುತ್ತದೆ ಎಂದು ಹಳೆಯ ಗೆಳತಿ ತಿಳಿಸಿದಳು. ಕಾಲೇಜು ಮುಗಿಸಿದ ತರೀಕೆರೆಯ ಹುಡುಗರೇ ಖಾಲಿ ಕೂತಿದ್ದಾರೆ, ನೀನು ಹುಟ್ಟಿದ ವರ್ಷ ಬರೆಯಬೇಡ, ತಲೆಗೆ ಬಣ್ಣ ಹಚ್ಚು ಎಂದೂ ಹೇಳಿದಳು. ಹಚ್ಚಿಕೊಂಡೆ. ಆ ವಾರ ಕಣ್ಣು ತೋರಿಸಲು ಬಂದ ಮಾವ ಬಾಗಿಲಲ್ಲೇ ನಿಂತು ನನ್ನ ತಲೆ ನೋಡಿದರು.

"ಏನವ್ವ, ಕೊಂಬು ಹೆರೆಸ್ಕಂಡಿದೀಯಾ?"

ಮುದಿ ಎತ್ತನ್ನು ಎಳೆಯದೆಂದು ಸಾಗಹಾಕುವವರು ಕೊಂಬು ಹೆರೆದು ಎಣ್ಣೆ ಸವರುತ್ತಾರಂತೆ. ಮಾವ ಅಂಥವರ ನೆರಳಿಗೂ ನಿಲ್ಲುತ್ತಿರಲಿಲ್ಲ. ನಾನು ವೈವಿಧ್ಯದ ವಿಚಾರ ಬಿಡಿಸಿ ಹೇಳಿದೆ. ಅವರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಎಳೇ ಹೋರಿಯನ್ನು ಪಳಗಿಸುವಾಗ ಪಕ್ಕಕ್ಕೆ ಬಲಿತ ಎತ್ತನ್ನೇ ಕಟ್ಟುವುದು, ಎರಡೂ ಎಳೆಯವಾದರೆ ಗಾಡಿ ಹಳ್ಳಕ್ಕೆ ಹೋಗುತ್ತದೆ, ಇದು ಹೈಕಳಿಗೂ ಗೊತ್ತು, ಇಷ್ಟಕ್ಕೆ ಇಂಗ್ಲಿಷ್ ಯಾಕೆ ಎಂದರು. ಅವರಿಗೆ ನಿಜವಾಗಿ ಸಂಕಟವಾದದ್ದು ನನ್ನ ಬಯೋಡೇಟಾ ನೋಡಿ. ನನಗೆ ಶ್ರದ್ಧೆ ಇದೆ, ನನಗೆ ತಾಳ್ಮೆ ಇದೆ ಎಂದು ನಾನೇ ಬರೆದುಕೊಂಡಿದ್ದೆನಲ್ಲ! ಅದನ್ನು ನನ್ನ ಮಗಳಿಂದ ಓದಿಸಿ ಕೇಳಿದವರು ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಅಂತೂ ಇಪ್ಪತ್ತೇಳನೇ ಅರ್ಜಿಗೆ ಒಂದು ಕಂಪನಿ ಸಂದರ್ಶನಕ್ಕೆ ಕರೆಯಿತು. ವಿಡಿಯೋದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಆ ದಿನ ಒಂಬತ್ತೂವರೆಗೆ ಮಾವ ಹಾಜರ್! ಶಿವನಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ, ಪೆಟ್ಟಿಗೆ ತಳದಲ್ಲಿದ್ದ ಬಿಳಿ ರುಮಾಲು ಸುತ್ತಿಕೊಂಡು ಬಂದಿದ್ದರು. ಎತ್ತು ನೋಡಲು ಹೋಗುವಾಗ ಮಾತ್ರ ಸುತ್ತುತ್ತಿದ್ದ ರುಮಾಲು ಅದು. ಹಿತ್ತಲಲ್ಲಿ ಕುರ್ಚಿ ಹಾಕಿ, ಕಾಫಿ ಕೊಟ್ಟು, ಒಂದು ಗಂಟೆ ಒಳಗೆ ಬರಬೇಡಿ ಎಂದು ಮಾತು ತೆಗೆದುಕೊಂಡೆ.

ಪರದೆಯ ಮೇಲೆ ಮೂವರು ಮೂಡಿದರು. ಎಲ್ಲರೂ ನನಗಿಂತ ಹದಿನೈದು ವರ್ಷ ಚಿಕ್ಕವರು. ಮೊದಲರ್ಧ ಗಂಟೆ ಚೆನ್ನಾಗಿಯೇ ಹೋಯಿತು, ತಪ್ಪು ಹುಡುಕುವ ಕಣ್ಣು ತುಕ್ಕು ಹಿಡಿದಿರಲಿಲ್ಲ. ಆಮೇಲೆ ಒಬ್ಬ ಹುಡುಗ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಉತ್ತರವನ್ನು ಕನ್ನಡಿ ಮುಂದೆ ಎಷ್ಟು ಸಲ ಒಪ್ಪಿಸಿದ್ದೆನೋ! ಒಂದು ಅಕ್ಷರವೂ ನೆನಪಾಗಲಿಲ್ಲ. ವೈಯಕ್ತಿಕ ಕಾರಣ ಎಂದು ತೊದಲಿದೆ. ಮೂವರೂ ನನ್ನ ಹಿಂದೆ ಏನನ್ನೋ ನೋಡುತ್ತಿದ್ದರು. ತಿರುಗಿದರೆ ರುಮಾಲು! ಮಾವ ನನ್ನ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು, ಎದೆ ಸೆಟೆಸಿ ನಿಂತಿದ್ದರು. ಮನೆಯದನ್ನು ಪರರು ನೋಡುವಾಗ ಮನೆಯವನೊಬ್ಬ ಹಗ್ಗ ಹಿಡಿದು ನಿಂತಿರಬೇಕು, ಅನಾಥವಾಗಿ ಬಿಡಬಾರದು ಎಂಬುದು ಅವರ ನೇಮ ಎಂದು ಆಮೇಲೆ ತಿಳಿಯಿತು.

ಮೂವರಲ್ಲಿ ಒಬ್ಬಳು ಕನ್ನಡದ ಹುಡುಗಿ. ಒಳ್ಳೆಯ ಮನಸ್ಸು, ನಗುನಗುತ್ತಲೇ ಕೇಳಿದಳು, "ತಾತ, ಇವ್ರು ಹೆಂಗೆ ಕೆಲ್ಸ ಮಾಡ್ತಾರೆ? ನೀವೇ ಹೇಳಿ."

ಮಾವ ರುಮಾಲು ಸರಿ ಮಾಡಿಕೊಂಡರು, ಗಂಟಲು ಸರಿ ಮಾಡಿಕೊಂಡರು, ಪರದೆಯನ್ನೇ ನೆಟ್ಟ ನೋಟದಿಂದ ನೋಡಿದರು.

"ಪರವಾಗಿಲ್ಲ."

ಆಕೆ ಉಳಿದಿಬ್ಬರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಇಂಗ್ಲಿಷಿನಲ್ಲಿ ಅದು ಇನ್ನೂ ಸೊರಗಿಹೋಗಿತ್ತು. ಒಬ್ಬ ಏನೋ ಬರೆದುಕೊಂಡ.

ನಾಲ್ಕನೇ ದಿನ ವಿಷಾದದ ಪತ್ರ ಬಂತು. ಮಾವನಿಂದಲೇ ಹೋಯಿತು ಎನ್ನಲಾರೆ, ನಾನು ತೊದಲಿದ್ದು ನನಗೆ ಗೊತ್ತಿಲ್ಲವೇ? ಆದರೂ ಸಿಟ್ಟು ಯಾರ ಮೇಲಾದರೂ ಇಳಿಯಬೇಕಲ್ಲ. ಅತ್ತೆಗೆ ಫೋನ್ ಮಾಡಿ, ಹುಟ್ಟಿದಾಗಿನಿಂದ ನೋಡಿದ ಹುಡುಗಿಗೆ ಒಂದು ಒಳ್ಳೇ ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು ಎಂದು ಅತ್ತುಬಿಟ್ಟೆ. ಆ ಕಡೆ ಫೋನು ಸ್ಪೀಕರಿನಲ್ಲಿತ್ತಂತೆ!

ಮರುದಿನ ಬೆಳಿಗ್ಗೆ ಅದೇ ರೈಲು, ಅದೇ ರುಮಾಲು. ಗೇಟಿನಲ್ಲೇ ನಿಂತು ಮಾವ ಅಂದರು, "ಆ ಮೂರು ಜನನ ಕರಿ. ಒಂದ್ ಮಾತು ಬಾಕಿ ಐತೆ."

ಹಾಗೆಲ್ಲ ಕರೆಯಲಾಗುವುದಿಲ್ಲ, ಅದು ಮುಗಿದುಹೋಯಿತು ಎಂದೆ. ಮಾವ ಒಳಗೆ ಬಂದು ಜಗಲಿಯ ಕಂಬ ಹಿಡಿದುಕೊಂಡರು. ಮೊದಲ ಸಲ ಅವರು ನನಗೆ ಮುದುಕರಂತೆ ಕಂಡರು.

"ಹಂಗಾರೆ ನೀನೇ ಕೇಳಿಸ್ಕ. ಗೇಟಿನ ತಂಕ ಒಂದ್ಸಲ ನಡ್ಕಂಡ್ ಬಾ."

ನಡೆದೆ. ನಲವತ್ತೈದು ವರ್ಷದ ಹೆಂಗಸು, ಬೀದಿಯವರು ನೋಡುತ್ತಿದ್ದಾರೆ, ನನ್ನ ಎದೆ ಸಂದರ್ಶನದ ದಿನಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ತಿರುಗಿ ಬಂದಾಗ ಮಾವನ ಕಣ್ಣು ನನ್ನ ಪಾದದ ಮೇಲಿತ್ತು.

"ಏಳು ವರ್ಷ ನಮ್ಮಕ್ಕನ್ನ ಎತ್ತಿ ಮಲಗ್ಸಿ, ಎತ್ತಿ ಕೂರ್ಸಿ ಮಾಡ್ದೆ. ಒಂದಿನ ಮುಖ ಗಂಟಾಕ್ಲಿಲ್ಲ, ಒಂದ್ ಹೆಜ್ಜೆ ಹಿಂದಕ್ಕಿಡ್ಲಿಲ್ಲ. ಎಷ್ಟೋ ಊರು ಸುತ್ತಿ ನೋಡಿದೀನಿ ಕಣವ್ವ. ನಿನ್ನಂಥದ್ನ ಎಲ್ಲೂ ನೋಡ್ಲಿಲ್ಲ."

ನಾನು ಸೆರಗು ಅಡ್ಡ ಹಿಡಿದೆ, ಈ ಸಲ ನಗು ಮುಚ್ಚುವುದಕ್ಕಲ್ಲ. ಮಾವ ಅಷ್ಟಕ್ಕೆ ಬಿಡಲಿಲ್ಲ. ಮನೆಯವನೇ ಹೊಗಳಿಬಿಟ್ಟ ಮೇಲೆ ದೃಷ್ಟಿಯಾಗದೆ ಇರುತ್ತದೆಯೇ? ಮೊಣಕಾಲು ಹಿಡಿದುಕೊಂಡು ಬಗ್ಗಿ, ನಾನು ಹೆಜ್ಜೆ ಊರಿದ ಕಡೆಯ ಮಣ್ಣನ್ನು ಚಿಟಿಕೆ ತೆಗೆದು, ನನಗೆ ಮೂರು ಸುತ್ತು ನಿವಾಳಿಸಿ ಹೆಗಲ ಮೇಲಿನ ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡರು. ಕಾಫಿಗೂ ನಿಲ್ಲದೆ ಸ್ಟೇಷನ್ ಕಡೆಗೆ ಹೊರಟರು.

ಸಂಜೆ ಅತ್ತೆ ಫೋನ್ ಮಾಡಿದಾಗ ನಾನು ಇಪ್ಪತ್ತೆಂಟನೇ ಅರ್ಜಿ ತೆರೆದುಕೊಂಡು ಕೂತಿದ್ದೆ. ಮಾವ ದಾರಿಯುದ್ದಕ್ಕೂ ಯಾರ ಜೊತೆಗೂ ಮಾತಾಡದೆ, ಆ ಗಂಟನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಬಂದು, ಬಿಚ್ಚಿ ಮಣ್ಣನ್ನು ಒಲೆಗೆ ಹಾಕಿದ ಮೇಲೆಯೇ ನೀರು ಕುಡಿದರಂತೆ.