ಹಳೆಯ ಹೋಟೆಲಿನಲ್ಲಿ ಮಾವನವರ ಮಧ್ಯಾಹ್ನದ ನಿದ್ದೆ

ಕಳೆದ ಬುಧವಾರ ಮಧ್ಯಾಹ್ನ ಎರಡೂ ನಲವತ್ತರ ಸುಮಾರಿಗೆ, ಮುಂಬೈಯ ಫೋರ್ಟ್ ಭಾಗದ ಶತಮಾನ ದಾಟಿದ ಹೋಟೆಲೊಂದರ ಎರಡನೆಯ ಮಹಡಿಯಿಂದ ಮೂರು ಜೊತೆ ಚಪ್ಪಲಿಗಳು ಕಾಣೆಯಾದವು. ಕಂಡವರಿಲ್ಲ. ಹೆಜ್ಜೆಯ ಸದ್ದು ಕೇಳಿದವರೂ ಇಲ್ಲ. ಕಾಣೆಯಾದವುಗಳಲ್ಲಿ ಒಂದರ ಪಟ್ಟಿ ಮೊದಲೇ ಕಿತ್ತಿತ್ತು. ಸಂತ್ರಸ್ತರು ಮೂವರೂ ಡೊಂಬಿವಲಿ ಪೂರ್ವದವರು: ನಾನು, ನನ್ನ ಹೆಂಡತಿ ಮತ್ತು ನನ್ನ ಮಾವ.

ಡೊಂಬಿವಲಿಯವರಿಗೆ ಮುಂಬೈಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾವು ಅಲ್ಲಿಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡು ಹೋಗುತ್ತೇವೆ, ನಿಂತುಕೊಂಡು ಬರುತ್ತೇವೆ. ಮಲಗುವುದಕ್ಕೆಂದೇ ಹೋಗಿ ಅಭ್ಯಾಸವಿಲ್ಲ.

ಈ ಸಲ ಹೋದದ್ದು ಅದಕ್ಕಾಗಿಯೇ. ಮಾವನವರು ವಿಜಾಪುರ ಬಿಟ್ಟು ಬಂದವರು, ಇದೇ ಹೋಟೆಲಿನ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಮಾಡಿದರು. ಹಿಂದಿನ ಗಲ್ಲಿಯ ಬಾಗಿಲಿನಿಂದ ಒಳಗೆ, ಅದೇ ಬಾಗಿಲಿನಿಂದ ಹೊರಗೆ. ನೆಲಮಾಳಿಗೆಗಿಂತ ಮೇಲೆ ಹೋಗಲು ಅಪ್ಪಣೆಯಿರಲಿಲ್ಲ. ಮೇ ತಿಂಗಳ ಮಧ್ಯಾಹ್ನ ಬಿಸಿ ರೋಲರಿನ ಮುಂದೆ ನಿಂತಾಗೆಲ್ಲ, ಈಗ ಮ್ಯಾಲೆ ಯಾವನೋ ನನ್ನ ಚಾದರದ ಮ್ಯಾಲೆ ಮಲಗ್ಯಾನ ಎಂದುಕೊಳ್ಳುತ್ತಿದ್ದರಂತೆ. ಒಂದು ಮಧ್ಯಾಹ್ನ ಆ ಯಾವನೋ ತಾವೇ ಆಗಬೇಕು ಎಂಬುದೊಂದೇ ಅವರ ಆಸೆ. ಬೇರೆ ಯಾವ ಆಸೆಯನ್ನೂ ಅವರು ನಮಗೆ ಇದುವರೆಗೆ ತಿಳಿಸಿಲ್ಲ.

ನವಿ ಮುಂಬೈಯ ನನ್ನ ಕಂಪನಿ, ಇಪ್ಪತ್ತೈದು ವರ್ಷ ನಾನು ಎಲ್ಲಿಗೂ ಹೋಗದೆ ಉಳಿದದ್ದಕ್ಕೆ, ಆ ಹೋಟೆಲಿನ ಒಂದು ದಿನದ ಕೂಪನ್ ಕೊಟ್ಟಿತು. ಕೂಪನ್ ಇಬ್ಬರಿಗೆ, ನನ್ನ ಮತ್ತು ಹೆಂಡತಿಯ ಹೆಸರಿನಲ್ಲಿ. ಮೂರನೆಯವರು ವಿಸಿಟರ್. ಸಂಜೆ ಏಳಕ್ಕೆ ಸರಿಯಾಗಿ ಅವರು ಹೊರಗಿರಬೇಕು. ಕೋಣೆ ಸಿಗುವುದು ಎರಡಕ್ಕೆ. ಅಂದರೆ ಮಾವನವರ ಕೈಯಲ್ಲಿದ್ದದ್ದು ಐದು ತಾಸು.

೧. ಮುಂದಿನ ಬಾಗಿಲು

ಮುಂದಿನ ಬಾಗಿಲಲ್ಲಿ ಆರಡಿ ಎತ್ತರದ, ರುಮಾಲು ಸುತ್ತಿದ ದರವಾನನಿದ್ದ. ಅವನು ಕಣ್ಣು ಮಿಟುಕಿಸುತ್ತಿರಲಿಲ್ಲ. ಗೊಂಬೆಯಿರಬೇಕು ಎಂದು ನನ್ನ ಹೆಂಡತಿ ಹತ್ತಿರ ಹೋಗಿ ನೋಡುತ್ತಿರುವಾಗ ಅದು ಬಾಗಿ ಕೈ ಮುಗಿಯಿತು. ಅವಳು ಎರಡು ಮೆಟ್ಟಿಲು ಕೆಳಗಿಳಿದಳು.

ಮಾವನವರು ಹೆದರಲಿಲ್ಲ. ದರವಾನನ ಎದುರು ನಿಂತು ಎರಡೂ ಕೈ ಮೇಲೆತ್ತಿದರು. ಹಿಂದಿನ ಬಾಗಿಲಲ್ಲಿ ಮೂವತ್ತೊಂದು ವರ್ಷ ದಿನಾ ಮೈ ತಡವಿ ನೋಡಿಸಿಕೊಂಡ ಕೈಗಳು ತಾವಾಗಿಯೇ ಎದ್ದಿದ್ದವು. ದರವಾನನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಕೈ ಇಳಿಸಲಿಲ್ಲ, ಇವರೂ ಇಳಿಸಲಿಲ್ಲ.

"ಅಪ್ಪಾ, ಕೈ ಇಳಸ್ರಿ," ಎಂದಳು ನನ್ನ ಹೆಂಡತಿ.

"ಅವ ನೋಡ್ಲಿ ತಡಿ. ಆಮ್ಯಾಲೆ ಟಾವೆಲ್ ಹೋತು ಅಂದ್ರ ಯಾರನ್ನ ಕೇಳ್ತಾರ?"

ಕೊನೆಗೆ ನಾನೇ ಅವರ ಜೇಬು ತಡವಿ, ಏನೂ ಇಲ್ಲ ಎಂದು ದರವಾನನಿಗೆ ಹೇಳಿದೆ. ಅವನು ಥ್ಯಾಂಕ್ಯೂ ಎಂದ.

೨. ಚಪ್ಪಲಿ

ಎರಡನೆಯ ಮಹಡಿಯ ಪಡಸಾಲೆ ಉದ್ದವಾಗಿತ್ತು. ಎರಡೂ ತುದಿಗಳಲ್ಲಿ ಕತ್ತಲು. ಗೋಡೆಯ ಮೇಲೆ ಸತ್ತ ದೊರೆಗಳ ಚಿತ್ರಗಳು. ನಾವು ನಡೆದರೆ ಅವರ ಕಣ್ಣುಗಳು ನಮ್ಮ ಜೊತೆ ನಡೆಯುತ್ತಿದ್ದವು, ನಿಂತರೆ ನಿಲ್ಲುತ್ತಿದ್ದವು. ಜಮಖಾನೆ ಎಷ್ಟು ದಪ್ಪವೆಂದರೆ ನಮ್ಮ ಹೆಜ್ಜೆ ನಮಗೇ ಕೇಳುತ್ತಿರಲಿಲ್ಲ.

ಇಷ್ಟು ಒಳ್ಳೆಯ ಜಮಖಾನೆಯನ್ನು ಹೊಲಸು ಮಾಡುವುದು ಬೇಡವೆಂದು, ಮನೆಯಲ್ಲಿ ಮಾಡುವಂತೆ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋದೆವು. ನೀರು ಕುಡಿದು ಬಾಗಿಲು ತೆರೆದರೆ ಚಪ್ಪಲಿಗಳಿಲ್ಲ. ಪಡಸಾಲೆಯಲ್ಲಿ ಆ ತುದಿಯಿಂದ ಈ ತುದಿಯವರೆಗೆ ಒಂದು ನರಪಿಳ್ಳೆಯೂ ಇಲ್ಲ. ಒಬ್ಬ ದೊರೆ ಮಾತ್ರ ನನ್ನನ್ನು ನೋಡುತ್ತಿದ್ದ.

ಮಾವನವರು ಹಾಸಿಗೆಯ ಮೇಲೆ ಆಗಷ್ಟೇ ಒಂದು ಕಾಲು ಇಟ್ಟಿದ್ದರು. ಮಗಳು ಅವರನ್ನು ಎಬ್ಬಿಸಿ, ಹಿಂದಿನಿಂದ ಯಾರೂ ಬಾರದ ಹಾಗೆ ಗೋಡೆಗೆ ಬೆನ್ನು ಕೊಡಿಸಿ ನಿಲ್ಲಿಸಿದಳು. ಅರ್ಧ ತಾಸು ಹಾಗೆಯೇ ಮೂವರೂ ನಿಂತಿದ್ದೆವು, ಲೋಕಲ್‌ನಲ್ಲಿ ನಿಲ್ಲುವ ಹಾಗೆ.

ಮೂರೂ ಹದಿನೈದಕ್ಕೆ ಬಾಗಿಲನ್ನು ಎರಡು ಸಲ ಬಡಿದ ಸದ್ದಾಯಿತು. ತೆರೆದರೆ ಯಾರೂ ಇಲ್ಲ. ನೆಲದ ಮೇಲೆ ಬೆತ್ತದ ಬುಟ್ಟಿ. ಅದರಲ್ಲಿ ತೆಳು ಕಾಗದದಲ್ಲಿ ಸುತ್ತಿದ ಮೂರು ಜೊತೆ ಚಪ್ಪಲಿ, ಮುಖ ಕಾಣುವಷ್ಟು ಪಾಲಿಶು. ಬಾಗಿಲ ಹೊರಗೆ ಇಟ್ಟ ಪಾದರಕ್ಷೆಗಳನ್ನು ಉಜ್ಜಿ ತಂದಿಡುವುದು ಈ ಹೋಟೆಲಿನ ಹಳೆಯ ಪದ್ಧತಿ ಎಂದು ಜೊತೆಗಿದ್ದ ಚೀಟಿ ತಿಳಿಸಿತು. ಐದು ತಿಂಗಳಿಂದ ಕಿತ್ತುಹೋಗಿದ್ದ ನನ್ನ ಹೆಂಡತಿಯ ಪಟ್ಟಿಯನ್ನೂ ಹೊಲಿದಿದ್ದರು.

ಅವಳು ಬಹಳ ಹೊತ್ತು ಪಟ್ಟಿ ನೋಡಿದಳು. ಆಮೇಲೆ ಬ್ಯಾಗಿನಿಂದ ಕಡ್ಡಿ ಮುರಿದ ಕೊಡೆ ತೆಗೆದು ಬಾಗಿಲ ಹೊರಗಿಟ್ಟು ಬಂದಳು.

೩. ಗೋಡೆಯ ಆಚೆ

ಮೂರೂವರೆಗೆ ಮಾವನವರು ಎರಡನೆಯ ಕಾಲನ್ನೂ ಹಾಸಿಗೆಯ ಮೇಲಿಟ್ಟು ಕಣ್ಣು ಮುಚ್ಚಿದರು. ನಾಲ್ಕಕ್ಕೆ ತೆರೆದರು.

"ನಿದ್ದಿ ಬರವಲ್ದು. ಸಪ್ಪಳನ ಇಲ್ಲ."

ನಿಜ. ನಮ್ಮ ಮನೆ ರೈಲು ಹಳಿಯ ಪಕ್ಕ. ಮೂರು ನಿಮಿಷಕ್ಕೊಮ್ಮೆ ಅಡಿಗೆಮನೆಯ ಸ್ಟೀಲ್ ಡಬ್ಬಿಗಳು ನಡುಗುತ್ತವೆ. ಇಲ್ಲಿ ಮೌನ ಕಿವಿಯೊಳಗೆ ಅರಳೆ ತುರುಕಿದಂತೆ ಕೂತಿತ್ತು. ಗೋಡೆ ಗಡಿಯಾರದ ಲೋಲಕ ಆಡುತ್ತಿತ್ತು, ಅದಕ್ಕೂ ಸದ್ದಿಲ್ಲ. ಮಾವನವರ ಮುಖದ ಬಣ್ಣ ಚಾದರದ ಬಣ್ಣಕ್ಕೆ ತಿರುಗುತ್ತಿರುವಂತೆ ನನಗೆ ಕಂಡಿತು.

ನನ್ನ ಹೆಂಡತಿ ಮೊಬೈಲಿನಲ್ಲಿ ಹುಡುಕಿ, ಯಾರೋ ಪುಣ್ಯಾತ್ಮರು ಪ್ಲಾಟ್‌ಫಾರ್ಮಿನಲ್ಲಿ ರೆಕಾರ್ಡ್ ಮಾಡಿದ ಗದ್ದಲ ಹಚ್ಚಿದಳು. ಗಾಡಿ ಬಂತು, ಜನ ಕೂಗಿದರು, ಘೋಷಣೆಯಾಯಿತು. ಮಾವನವರ ರೆಪ್ಪೆ ಭಾರವಾಯಿತು.

ಆಗ ಗೋಡೆಯೊಳಗಿಂದ ಒಂದು ಮುದಿ ದನಿ, ನಿಧಾನವಾಗಿ, ಮರಾಠಿಯಲ್ಲಿ ಕೇಳಿತು: "ಕಲ್ಯಾಣ್ ಸ್ಲೋ... ಗೇಲೀ ಕಾ?"

ಕಲ್ಯಾಣಕ್ಕೆ ಹೋಗುವ ಸ್ಲೋ ಲೋಕಲ್ ಹೋಯಿತೇ ಎಂದು ಗೋಡೆ ಕೇಳಿದರೆ ಏನು ಉತ್ತರ ಕೊಡಬೇಕು? ನನ್ನ ಹೆಂಡತಿ ನನ್ನ ತೋಳು ಹಿಡಿದಳು. ಮಾವನವರು ಮಾತ್ರ ಕಣ್ಣು ತೆರೆಯದೆ, "ಹೋತ್ರೀ, ಈಗ ಫಾಸ್ಟ್ ಬರತೈತಿ," ಎಂದು ಕನ್ನಡದಲ್ಲೇ ಹೇಳಿದರು.

ಆಮೇಲೆ ತಿಳಿದದ್ದು: ಕಪಾಟಿನ ಹಿಂದೆ ಪಕ್ಕದ ಕೋಣೆಗೆ ಹೋಗುವ ಹಳೆಯ ಬಾಗಿಲಿತ್ತು. ಅಲ್ಲಿದ್ದವರು ಠಾಣೆಯ ಒಬ್ಬ ನಿವೃತ್ತ ಮಾಸ್ತರರು. ಮಗನ ಕೂಪನ್‌ನಲ್ಲಿ ಬಂದಿದ್ದರು. ಎರಡು ದಿನದಿಂದ ಅವರಿಗೂ ನಿದ್ದೆ ಬಂದಿರಲಿಲ್ಲ. ರಿಸೆಪ್ಷನ್‌ಗೆ ಫೋನ್ ಮಾಡಿ, ಪಕ್ಕದ ಕೋಣೆಯವರ ಸದ್ದು ಇನ್ನೂ ಸ್ವಲ್ಪ ಜೋರು ಮಾಡಿಸಿ ಎಂದು ದೂರು ಕೊಟ್ಟಿದ್ದರು.

೪. ಆಫ್

ಆ ದೂರು ತಿಳಿಸಲು ರಿಸೆಪ್ಷನ್‌ನವರು ನಮಗೆ ಮಾಡಿದ ಫೋನಿಗೆ ಎದ್ದು ಕೂತ ಮಾವನವರಿಗೆ ಚಹಾ ಬೇಕೆನಿಸಿತು. ನಾನು ಫೋನಿನತ್ತ ಕೈ ಚಾಚುವ ಮೊದಲೇ ಬಾಗಿಲು ತಟ್ಟಿ, ಬಿಳಿ ಕೋಟಿನ ಒಬ್ಬ ಹಿರಿಯರು ಚಹಾ ತಂದರು. ಮುಖದಲ್ಲಿ ರಕ್ತವಿರಲಿಲ್ಲ. ನಡೆದರೆ ಸದ್ದಿರಲಿಲ್ಲ.

ಮಾವನವರನ್ನು ನೋಡಿದವರೇ, "ಓಹೋ, ಇಸ್ತ್ರಿ ಖಾತೆಯ ಬಿಜಾಪುರದವರಲ್ಲವಾ ಮಾರಾಯ್ರೇ? ಮೇಲೆ ಬರಲಿಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಎಂದರು. ಕುಂದಾಪುರದ ಕಡೆಯವರು. ಇಬ್ಬರೂ ಹತ್ತು ನಿಮಿಷ ಹಳೆಯ ಕಾಲದವರನ್ನು ನೆನೆದರು. ನೆನೆದವರಲ್ಲಿ ಬಹುತೇಕ ಯಾರೂ ಈಗ ಇರಲಿಲ್ಲ. "ನಾವೆಲ್ಲ ಒಟ್ಟಿಗೇ ಇದ್ದೇವೆ ಅನ್ನಿಸ್ತದೆ," ಎಂದು ಹೇಳಿ ಹಿರಿಯರು ಹೋದರು.

ಇಂಥವರನ್ನು ಹೊಗಳಬೇಕೆಂದು ನಾನು ರಿಸೆಪ್ಷನ್‌ಗೆ ಫೋನ್ ಮಾಡಿ, ನಿಮ್ಮ ಕುಂದಾಪುರದ ಹಿರಿಯರಿದ್ದಾರಲ್ಲ ಎಂದು ಶುರು ಮಾಡಿದೆ. ಫೋನ್ ಎತ್ತಿದವಳು ಡೆಹರಾಡೂನಿನಿಂದ ಹೊಸದಾಗಿ ಬಂದ ಹುಡುಗಿ, ತುಂಬ ವಿನಯ.

"ಸರ್, ವೋ ತೋ ಪರ್ಸೋಂ ಸೇ ಆಫ್ ಹೈಂ."

ಅವರು ಮೊನ್ನೆಯಿಂದ ಆಫ್ ಎಂದಳು. ಇಲ್ಲಿ ಸ್ವಲ್ಪ ವಿವರಿಸಬೇಕು. ಡೊಂಬಿವಲಿ, ಕಲ್ಯಾಣ, ಠಾಣೆಯ ಕಡೆ ಮನುಷ್ಯ ಆಫ್ ಆದ ಎಂದರೆ ತೀರಿಕೊಂಡ ಎಂದರ್ಥ. ನಮ್ಮ ಸೊಸೈಟಿಯ ವಾಟ್ಸಾಪ್‌ನಲ್ಲಿ 'ಮೂರನೇ ಮಾಳಿಗೆಯ ಕಾಕಾ ಆಫ್ ಝಾಲೆ' ಎಂದು ಬಂದರೆ ಯಾರೂ ಸ್ವಿಚ್ಚು ಹುಡುಕುವುದಿಲ್ಲ, ಬಿಳಿ ಅಂಗಿ ಹುಡುಕುತ್ತಾರೆ.

ನಾನು ಸ್ಪೀಕರ್ ಹಾಕಿದೆ. "ಮೊನ್ನೆ? ಏನಾಗಿತ್ತು ಅವರಿಗೆ?"

"ಏನೂ ಆಗಿರಲಿಲ್ಲ ಸರ್. ಅವರೇ ಬರೆದುಕೊಟ್ಟಿದ್ದರು."

"ಬರೆದುಕೊಟ್ಟು?"

"ಹೌದು ಸರ್. ಮನೆಯವರ ಒತ್ತಾಯ ಅಂತ."

ನನ್ನ ಹೆಂಡತಿ ಕೈಯಲ್ಲಿದ್ದ ಚಹಾದ ಕಪ್ಪನ್ನು ಟ್ರೇಯಲ್ಲಿಟ್ಟು ದೂರ ಸರಿಸಿದಳು.

"ಆದರೆ ಸರ್, ನಾಳೆ ಬೆಳಿಗ್ಗೆ ವಾಪಸ್ ಬರುತ್ತಾರೆ," ಎಂದಳು ಹುಡುಗಿ. "ನೇರವಾಗಿ ನಿಮ್ಮ ಕೋಣೆಗೇ ಕಳಿಸಲೇ?"

ನಾನು ಫೋನ್ ಇಟ್ಟೆ. ನನ್ನ ಹೆಂಡತಿ ಆಗಲೇ ಬ್ಯಾಗ್ ತುಂಬುತ್ತಿದ್ದಳು.

"ಅಪ್ಪಾ, ಏಳ್ರಿ. ಹೋಗೂಣು."

"ನಾ ಒಲ್ಲೆ."

"ಸತ್ತವನ ಕೈಯಾಗಿನ ಚಾ ಕುಡದೀರಿ!"

"ಛಲೋ ಇತ್ತಲ್ಲ? ಬದುಕಿದವರು ಮಾಡಿದ್ದು ದಿನಾ ಮನ್ಯಾಗ ಕುಡೀತೀನಿ." ಮಾವನವರು ಗಡಿಯಾರ ನೋಡಿದರು. ಐದು ದಾಟಿತ್ತು. "ಇನ್ನ ಎರಡು ತಾಸು ಸುದ್ದಾ ಉಳಿದಿಲ್ಲವ್ವಾ. ಅವ ಸತ್ತಿದ್ರ ಅವನ ಪಾಡಿಗೆ ಅವ ಸತ್ತಾನ. ನನ್ನ ಮಲಗಾಕ ಬಿಡು."

ಅವಳು ಅವರ ರಟ್ಟೆ ಹಿಡಿದು ಎಳೆದಳು. ಅವರು ಎರಡೂ ಕೈಯಿಂದ ಚಾದರ ಹಿಡಿದುಕೊಂಡರು. ಆಗ ಬಾಗಿಲು ತಾನಾಗಿ ತೆರೆದು, ಬಿಳಿ ಕೋಟು ಒಳಗೆ ಬಂತು. ನನ್ನ ಹೆಂಡತಿ ಚೀರಿದ್ದು ನೆಲಮಾಳಿಗೆಯವರೆಗೆ ಕೇಳಿಸಿರಬೇಕು.

"ಟ್ರೇ ತಕ್ಕೊಂಡು ಹೋಗುವಾ ಅಂತ ಬಂದದ್ದು," ಎಂದರು ಹಿರಿಯರು.

ನಾನು ಹಾಸಿಗೆಯ ಈಚೆ ಬದಿಯಿಂದಲೇ ಕೇಳಿದೆ. "ತಾವು... ಮೊನ್ನೆ ಆಫ್ ಆದಿರಂತೆ?"

ಹಿರಿಯರ ಮುಖದಲ್ಲಿ ಇದ್ದಬದ್ದ ಬಣ್ಣವೂ ಹೋಯಿತು. ಹಿಂದೆ ತಿರುಗಿ ಬಾಗಿಲು ಮುಚ್ಚಿದರು. ದನಿ ತಗ್ಗಿಸಿದರು.

"ಹೌದು ಮಾರಾಯ್ರೇ, ಆಫ್. ಮೂರು ದಿನ ರಜೆ ಬರೆದುಕೊಟ್ಟದ್ದು ನಾನೇ. ಉಲ್ಹಾಸನಗರಕ್ಕೆ ಸೋಫಾ ನೋಡಲಿಕ್ಕೆ ಹೋಗ್ಬೇಕು ಅಂತ ಮನೆಯಲ್ಲಿ ಹಟ. ಮೊದಲ ದಿನ ಹದಿನೇಳು ಅಂಗಡಿ ಹತ್ತಿ ಇಳಿದೆ. ನಿನ್ನೆ ರಜೆ ಕ್ಯಾನ್ಸಲ್ ಆಯ್ತು ಅಂತ ಮನೆಯಲ್ಲಿ ಸುಳ್ಳು ಹೇಳಿ ಇಲ್ಲಿ ಬಂದು ಕೂತಿದ್ದೇನೆ. ನಾನು ಇನ್ನೂ ಆಫ್ ಅಂತ ನನ್ನ ಹೆಂಡತಿಗೆ ಗೊತ್ತಿಲ್ಲ. ದಯವಿಟ್ಟು ಯಾರೂ ಹೇಳಬೇಡಿ."

ನಾವು ಹೇಳುವುದಿಲ್ಲ ಎಂದು ಮಾತು ಕೊಟ್ಟೆವು. ತಿರುಗಿ ನೋಡಿದರೆ, ಮಾವನವರು ಚಾದರ ಹಿಡಿದ ಕೈ ಹಿಡಿದಂತೆಯೇ ಮಲಗಿಬಿಟ್ಟಿದ್ದರು. ಉಸಿರಾಟವಿದೆಯೇ ಎಂದು ಹಿರಿಯರೇ ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಉಂಟು ಎಂದರು.

ಮಾವನವರು ಐದೂ ಇಪ್ಪತ್ತರಿಂದ ಆರೂ ಐವತ್ತರವರೆಗೆ ನಿದ್ದೆ ಮಾಡಿದರು. ಎದ್ದ ಮೇಲೆ, ಚಾದರ ಈಗ ಪೂರ್ತಿ ಹತ್ತಿಯದಲ್ಲ, ಪಾಲಿಯೆಸ್ಟರ್ ಮಿಕ್ಸ್ ಎಂದು ತಿಳಿಸಿದರು.